ಬಾಗಿನಕ್ಕೆ ರೀಮ್ಯಾಪ್

ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಒಂದು ಕಾರಿದೆ. ಎರಡೇ ಬಾಗಿಲು, ಹಳದಿ ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಒಳಗೆ ಯಾರಿದ್ದಾರೆಂದು ಕಾಣದ ಕಪ್ಪು ಗಾಜು. ಬೆಂಗಳೂರಿನ ಯಾರೋ ಶೋಕಿಲಾಲ ಓಡಿಸಿ ಬೇಸರ ಬಂದು ಮಾರಿದ್ದನ್ನು, ಐವತ್ತು ಮುಟ್ಟುತ್ತಿರುವ ಈ ಮನುಷ್ಯ ಕುಣಿಗಲ್ಲಿಗೆ ತಂದಿಟ್ಟುಕೊಂಡ. ನಮ್ಮ ಕಡೆ ಊರೂರಿಗೂ ಜನ ರಸ್ತೆಗೆ ಅಡ್ಡಲಾಗಿ ತಮಗೆ ಬೇಕಾದ ಹಾಗೆ ಹಂಪು ಹಾಕಿಕೊಂಡಿದ್ದಾರೆ. ಹಂಪು ಬಂದಾಗಲೆಲ್ಲ ಭಾವ ಪಕ್ಕದಲ್ಲಿ ಕೂತವನನ್ನು ಕೆಳಗಿಳಿಸುತ್ತಾನೆ, ಕಾರನ್ನು ಓರೆ ಮಾಡಿ ನಾಜೂಕಾಗಿ ದಾಟಿಸುತ್ತಾನೆ, ಆಮೇಲೆ ಇಳಿದವನನ್ನು ಮತ್ತೆ ಹತ್ತಿಸಿಕೊಳ್ಳುತ್ತಾನೆ. ಒಮ್ಮೆ ನಾನು ಹಾಗೆ ಕುಣಿಗಲ್ಲಿನಿಂದ ತುಮಕೂರಿನವರೆಗೆ ಇಳಿದು ಹತ್ತಿ ಇಳಿದು ಹತ್ತಿ ಬಂದಿದ್ದೇನೆ. ಬಸ್ಸಿನಲ್ಲಿ ಬಂದಿದ್ದರೆ ಊಟದ ಹೊತ್ತಿಗೆ ಮನೆ ಸೇರುತ್ತಿದ್ದೆ.

ಅವನು ಚರಂಡಿ, ಮೋರಿ ಕೆಲಸಗಳ ಗುತ್ತಿಗೆದಾರ. ಕೆಲಸದ ಜಾಗಕ್ಕೆ ಈ ಕಾರು ಹೋಗುವ ಮಾತೇ ಇಲ್ಲ, ಜೀಪಿನಲ್ಲಿ ಹೋಗುತ್ತಾನೆ. ಹೋದರೆ ಎರಡು ಮೂರು ದಿನ ಅಲ್ಲೇ ಠಿಕಾಣಿ. ಆಗೆಲ್ಲ ಕಾರು ಮನೆ ಪಕ್ಕದ ಶೆಡ್ಡಿನಲ್ಲಿ ಹೊದಿಕೆ ಹೊದ್ದುಕೊಂಡು ಮಲಗಿರುತ್ತದೆ. ಊರಲ್ಲಿದ್ದಾಗ ಸಂಜೆ ಕೆರೆ ಏರಿಯ ಮೇಲೆ ಒಂದು ಸುತ್ತು, ತಾಲ್ಲೂಕು ಕಚೇರಿಯ ಮುಂದೆ ಒಂದು ಸುತ್ತು, ಪಕ್ಕದ ಸೀಟಿನಲ್ಲಿ ಯಾರಾದರೂ ಗೆಳೆಯ. ಅಕ್ಕ ಅದರಲ್ಲಿ ಕೂತದ್ದನ್ನು ನಾನು ನೋಡಿಲ್ಲ. ತಂದ ಹೊಸದರಲ್ಲಿ ಅವಳು ಹತ್ತಲು ಹೋದಾಗ, "ಸೀಟು ಲೆದರ್ದು ಕಣೇ, ಸೀರೆ ಪಿನ್ನು ತಗುಲಿ ಹರಿದೋದಾತು" ಅಂದನಂತೆ. ಅವ್ವ ಇದನ್ನು ನಗುತ್ತಾ ಹೇಳಿದ್ದಳು. ನನಗೆ ನಗು ಬರಲಿಲ್ಲ.

ಯಾಕೆಂದರೆ ನನ್ನ ಅಕ್ಕ ನಮ್ಮೂರು ಹಾಗಲವಾಡಿಯಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸುತ್ತಿದ್ದವಳು. ಗೊಬ್ಬರ ತುಂಬಿದ ಟ್ರೈಲರ್ ಸಮೇತ ಓಣಿಯಲ್ಲಿ ರಿವರ್ಸ್ ತೆಗೆಯುತ್ತಿದ್ದಳು. ಆ ಕೆಲಸ ನನಗೆ ಇವತ್ತಿಗೂ ಬರುವುದಿಲ್ಲ. ಜನ ನಿಂತು ನೋಡುತ್ತಿದ್ದರು, ಅಪ್ಪ ಬೀಡಿ ಹಚ್ಚಿಕೊಂಡು ಏನೂ ಗೊತ್ತಿಲ್ಲದವನ ಹಾಗೆ ಬೇರೆ ಕಡೆ ತಿರುಗಿಕೊಂಡು ಹೆಮ್ಮೆಪಡುತ್ತಿದ್ದ. ಮದುವೆಯಾದ ಮೇಲೆ ಭಾವ ಒಂದೇ ಮಾತು ಹೇಳಿದ: "ನಮ್ಮನೇಲಿ ಹೆಂಗಸ್ರು ಸ್ಟೇರಿಂಗ್ ಮುಟ್ಟಲ್ಲ." ಅಲ್ಲಿಗೆ ಮುಗಿಯಿತು. ಅವಳೂ ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಶ್ರಾವಣದ ಕಡೇ ಸೋಮವಾರ ಕುಣಿಗಲ್ಲಿನಲ್ಲಿ ಊಟವಿತ್ತು. ನಾನು ತುಮಕೂರಿನ ಬಟವಾಡಿಯ ನನ್ನ ನಲ್ಲಿ-ಪೈಪಿನ ಅಂಗಡಿಗೆ ಬಾಗಿಲು ಹಾಕಿಕೊಂಡು ಹೋಗಿದ್ದೆ. ಹಜಾರದಲ್ಲಿ ಭಾವನ ಗೆಳೆಯರೆಲ್ಲ ಸಾಲಾಗಿ ಎಲೆ ಮುಂದೆ ಕೂತಿದ್ದರು. ಕಾರಿನ ಮಾತು ಬಂತು. ಇತ್ತೀಚೆಗೆ ಗಾಡಿ ಯಾಕೋ ಸಪ್ಪೆ ಅನಿಸುತ್ತಿದೆಯಂತೆ. ಅಕ್ಕ ಬಗ್ಗಿ ಅವನ ಎಲೆಗೆ ಒಬ್ಬಟ್ಟು ಬಡಿಸುತ್ತಿದ್ದಾಗಲೇ ಅವನು ಹೇಳಿದ:

"ನಿಮ್ಮಕ್ಕನೂ ಆ ಗಾಡಿನೂ ಒಂದೇ ಕಣಪ್ಪ ಭಾಮೈದ. ನೋಡೋಕೆ ಮೈಕೈ ತುಂಬ್ಕಂಡವ್ಳೆ. ಎಷ್ಟು ತುಳುದ್ರೂ ಮುಂದಕ್ಕೇ ಎಳೆಯಲ್ಲ."

ಎಲೆ ಮುಂದಿದ್ದವರೆಲ್ಲ ನಕ್ಕರು. ಒಬ್ಬನಿಗಂತೂ ನೆತ್ತಿಗೇರಿತು, ನೀರು ಕುಡಿಸಬೇಕಾಯಿತು. ಅವನು ಅಲ್ಲೇ ಉಸಿರುಗಟ್ಟಿ ಹೋಗಿದ್ದರೂ ನನಗೆ ಬೇಜಾರಾಗುತ್ತಿರಲಿಲ್ಲ. ಅಕ್ಕ ಒಬ್ಬಟ್ಟಿನ ಮೇಲೆ ತುಪ್ಪ ಹಾಕಿದಳು, ಪಕ್ಕದ ಎಲೆಗೆ ಹೋದಳು.

ನಗು ನಿಂತ ಮೇಲೆ ಭಾವ ವಿಷಯಕ್ಕೆ ಬಂದ. "ನೋಡು, ಈ ಸಲ ಗೌರಿ ಹಬ್ಬಕ್ಕೆ ಸೀರೆಗೀರೆ ತರಬ್ಯಾಡ. ಅದ್ರ ಬದ್ಲು ಗಾಡಿಗೆ ರೀಮ್ಯಾಪ್ ಮಾಡ್ಸಿಕೊಟ್ಬುಡು. ನಿಮ್ಮ ತುಮಕೂರಲ್ಲೇ ಮಾಡ್ತಾರಂತೆ. ಬಾಗಿನ ಅಂದ್ಕ."

ಗೌರಿ ಹಬ್ಬದ ಬಾಗಿನ ಅಂದರೆ ನಮ್ಮಲ್ಲಿ ತವರಿನಿಂದ ಮಗಳಿಗೆ ಹೋಗುವಂಥದ್ದು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಜೊತೆಗೊಂದು ಸೀರೆ. ಅಣ್ಣನೋ ತಮ್ಮನೋ ಹೊತ್ತುಕೊಂಡು ಹೋಗಿ ಕೊಟ್ಟು ಬರಬೇಕು. ಗಂಡನ ಮನೆಯಲ್ಲಿ ಏನೆಲ್ಲ ಇದ್ದರೂ ಅದೊಂದು ಮಾತ್ರ ಅವಳದ್ದು, ಅದಕ್ಕೆ ಅತ್ತೆಯೂ ಕೈ ಹಾಕುವುದಿಲ್ಲ. ಅದನ್ನು ಈ ಮಹಾನುಭಾವ ಕಾರಿನ ಬಾನೆಟ್ಟಿನೊಳಗೆ ಸುರಿದುಕೊಳ್ಳಲು ಹೊರಟಿದ್ದ. ರೀಮ್ಯಾಪ್ ಮಾಡಿಸಿಕೊಳ್ಳುವ ಯೋಗ್ಯತೆ ಅವನಿಗೆ ಇರಲಿಲ್ಲವೆಂದಲ್ಲ, ಧಾರಾಳವಾಗಿ ಇತ್ತು. ಆದರೆ "ಮಾವನ ಮನೆಯೋರು ಮಾಡ್ಸಿಕೊಟ್ರು" ಎಂದು ತಾಲ್ಲೂಕು ಕಚೇರಿಯ ಮುಂದೆ ನಿಂತು ಹೇಳಿಕೊಳ್ಳುವ ರುಚಿಯೇ ಬೇರೆ.

ಕಾರಿನ ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈಗಿನ ಎಂಜಿನ್ನಿಗೆ ಒಂದು ಕಂಪ್ಯೂಟರ್ ಇರುತ್ತದೆ. ಎಷ್ಟು ಪೆಟ್ರೋಲು ಬಿಡಬೇಕು, ಯಾವಾಗ ಕಿಡಿ ಹಚ್ಚಬೇಕು, ಟರ್ಬೊ ಎಷ್ಟು ಗಾಳಿ ತುಂಬಬೇಕು, ಎಲ್ಲವನ್ನೂ ಅದೇ ತೀರ್ಮಾನಿಸುತ್ತದೆ. ಕಂಪನಿಯವರು ಎಂಜಿನ್ ಬಹಳ ಕಾಲ ಬಾಳಲಿ ಎಂದು ಅದನ್ನು ಸ್ವಲ್ಪ ಹಿಡಿದಿಟ್ಟಿರುತ್ತಾರೆ. ಲ್ಯಾಪ್‌ಟಾಪ್ ಹಚ್ಚಿ ಆ ಹಿಡಿತವನ್ನು ಸಡಿಲಿಸುವುದೇ ರೀಮ್ಯಾಪ್. ತಿಳಿದವನು ಮಾಡಿದರೆ ಕಾರು ಹಾರುತ್ತದೆ. ತಿಳಿಯದವನು ಮಾಡಿದರೆ ಒಂದು ದಿನ ಎಂಜಿನ್ ಹೊಗೆ ಉಗುಳಿಕೊಂಡು ರಸ್ತೆ ಮಧ್ಯೆ ಕೂರುತ್ತದೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಇರುವುದು ನಮ್ಮ ಜೊತೆಗೇ. ವಿಭೂತಿ ಧರಿಸಿ ಪೂಜೆ ಮುಗಿಸಿ ಆಗತಾನೇ ಟೀವಿ ಮುಂದೆ ಕೂತಿದ್ದಳು.

"ಕೊಟ್ಬುಡು ಅತ್ಲಾಗೆ," ಅಂದಳು.

"ಅಕ್ಕನ ಬಾಗಿನ ಕಣವ್ವ ಅದು."

"ಅವ್ಳು ಸೀರೆ ಉಟ್ಕಂಡು ಎಲ್ಲಿಗೆ ಹೋಗ್ಬೇಕು? ಬೀರು ತುಂಬ ಬಿದ್ದವೆ. ಗಂಡನ ಮನಸ್ಸು ತಣ್ಣಗಿದ್ರೆ ಅದೇ ಅವ್ಳಿಗೆ ಬಾಗಿನ."

ಹೆತ್ತ ತಾಯಿ ಇಷ್ಟು ಸಲೀಸಾಗಿ ಮಗಳ ಪಾಲನ್ನು ತೆಗೆದು ಅಳಿಯನ ಎಲೆಗೆ ಹಾಕಿದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು. ಅಕ್ಕನ ಬಾಯಲ್ಲೇ ಕೇಳಿಸೋಣ ಎಂದು ಫೋನ್ ಮಾಡಿ, ಅವ್ವನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಅವಳು ಅಳಬಹುದು, ಇಲ್ಲವೇ ಸಿಡುಕಬಹುದು, ಅವ್ವನಿಗೆ ನಾಚಿಕೆಯಾಗಬಹುದು ಎಂಬುದು ನನ್ನ ಲೆಕ್ಕಾಚಾರ.

"ನಿಂಗೇನನ್ನಿಸ್ತದೆ ಹೇಳಕ್ಕ. ಬೇಡ ಅಂದ್ರೆ ಮುಖಕ್ಕೆ ಹೊಡ್ದಂಗೆ ಬೇಡ ಅಂತೀನಿ," ಅಂದೆ.

"ಅವ್ವ ಅಲ್ಲೇ ಅವ್ಳಾ?" ಅಂದಳು.

"ಹೂಂ, ಕೇಳಿಸ್ಕತಾ ಅವ್ಳೆ."

"ಮಾಡ್ಸು ಬುಡು. ಆದ್ರೆ ಒಳ್ಳೆಯೋನ ಹತ್ರ ಮಾಡ್ಸು. ಅರೆಬರೆ ಮಾಡೋರ ಹತ್ರ ಹೋಗ್ಬೇಡ." ಆಮೇಲೆ, "ಸದ್ದು ಜಾಸ್ತಿ ಆಗ್ತದೇನೋ?"

"ಆದ್ರೆ ನಿಂಗೇನಕ್ಕ? ಕಿವಿಗೆ ಹತ್ತಿ ಇಟ್ಕ," ಅಂದೆ. ಸಿಟ್ಟು ಬಂದಿತ್ತು. ಇಷ್ಟು ವರ್ಷ ಆ ಮನೆಯಲ್ಲಿದ್ದು ಇವಳ ಬೆನ್ನುಮೂಳೆಯೇ ಕರಗಿಹೋಗಿದೆ ಅನ್ನಿಸಿತು. ಅವ್ವ, "ನೋಡ್ದಾ, ಅವ್ಳಿಗಿರೋ ಬುದ್ಧಿ ನಿಂಗಿಲ್ಲ," ಎಂದು ಟೀವಿಯ ದನಿ ಏರಿಸಿದಳು.

ಹಬ್ಬಕ್ಕೆ ಮೊದಲೇ ಕಾರು ತರಲು ಬಸ್ಸು ಹಿಡಿದು ಕುಣಿಗಲ್ಲಿಗೆ ಹೋದೆ. ಭಾವ ಜೀಪು ಹತ್ತಿ ಹೊರಟಿದ್ದ, ಕೀಲಿಯನ್ನು ಕಿಟಕಿಯಿಂದಲೇ ಎಸೆದ. "ಗೀಚು ಬಿದ್ರೆ ನಿನ್ ಅಂಗಡಿ ಬರುಸ್ಕಂಬುಡ್ತೀನಿ," ಎಂದು ನಕ್ಕ. ಕಾರಿನೊಳಗೆ ಕೂತರೆ ಮಂಡಿ ಹೋಗಿ ಸ್ಟೇರಿಂಗಿಗೆ ಬಡಿಯಿತು. ಸೀಟು ಪೂರಾ ಮುಂದಕ್ಕಿತ್ತು. ಭಾವ ನನಗಿಂತ ಗೇಣುದ್ದ ಎತ್ತರದವನು. ತೊಳೆಯಲು ಕೊಟ್ಟಾಗ ಯಾರೋ ಸರಿಸಿರಬೇಕು ಎಂದುಕೊಂಡು ಹಿಂದಕ್ಕೆ ತಳ್ಳಿ ಹೊರಟೆ. ಅಕ್ಕ ಗೇಟಿನ ಹತ್ತಿರ ನಿಂತು ನೋಡುತ್ತಿದ್ದಳು. ನನ್ನ ಕಡೆಗಲ್ಲ, ಚಕ್ರದ ಕಡೆ.

ಸುಳ್ಳು ಯಾಕೆ ಹೇಳಲಿ, ಕಾರು ಚೆನ್ನಾಗಿತ್ತು. ಊರು ದಾಟಿ ರಸ್ತೆ ಖಾಲಿಯಾದ ಕಡೆ ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಸಪ್ಪೆ ಇದ್ದದ್ದು ಕಾರಲ್ಲ, ಹಂಪು ಹಂಪಿಗೂ ಹೆದರುವ ಅದರ ಯಜಮಾನ. ಇಂಥವನ ಕೈಗೆ ಇನ್ನಷ್ಟು ಬಲ ಕೊಡಿಸಲು ಅಕ್ಕನ ಸೀರೆಯ ದುಡ್ಡು ಹೊತ್ತುಕೊಂಡು ಹೋಗುತ್ತಿದ್ದೇನಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಆ ಅಂಗಡಿ ತುಮಕೂರಿನಲ್ಲಿ ಗುಬ್ಬಿ ರಸ್ತೆಯ ಕಡೆ. ಹೊರಗಿನಿಂದ ಗ್ಯಾರೇಜು, ಒಳಗೆ ಹೋದರೆ ಕ್ಲಿನಿಕ್ಕು. ಎ.ಸಿ., ಸೋಫಾ, ಗೋಡೆ ತುಂಬ ವಿದೇಶಿ ಕಾರುಗಳ ಪಟ. ಅದರ ಯಜಮಾನ ಗಡ್ಡ ಟ್ರಿಮ್ ಮಾಡಿಕೊಂಡ ಎಂಜಿನಿಯರು. ಕಾರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಬ್ಬಿ ಕಡೆಗೆ ಒಂದಷ್ಟು ದೂರ ಓಡಿಸಿ, ವಾಪಸು ಬಂದು ಹೇಳಿದ:

"ಗಾಡಿ ಸಕತ್ ಹೆಲ್ದಿಯಾಗಿದೆ ಸಾರ್. ಚೆನ್ನಾಗಿ ಓಡಿಸೋರ ಕೈಲಿದೆ. ಸ್ಟೇಜ್ ಒನ್, ಅಂದ್ರೆ ಮೊದಲ ಹಂತದ ರೀಮ್ಯಾಪ್, ಆರಾಮಾಗಿ ತಡ್ಕೊಳುತ್ತೆ."

ಚೆನ್ನಾಗಿ ಓಡಿಸುವವರ ಕೈಯಂತೆ. ವ್ಯಾಪಾರದವನ ಹೊಗಳಿಕೆ ಎಂದು ಮನಸ್ಸಿನಲ್ಲೇ ನಕ್ಕೆ, ನಾನೂ ಗಿರಾಕಿಗಳಿಗೆ ಹೀಗೇ ಬೆಣ್ಣೆ ಹಚ್ಚುವವನು. ಆಮೇಲೆ ಸೋಫಾ ಮೇಲೆ ಕೂತು ಬಹಳ ಹೊತ್ತು ಯೋಚಿಸಿದೆ. ಮಾಡಿಸದೆ ವಾಪಸು ಒಯ್ದರೆ ಮಾತು ಕೇಳಬೇಕಾದವಳು ಅಕ್ಕ. ಸರಿಯಾಗಿ ಮಾಡಿಸಿದರೆ ಅವನು ಮೀಸೆ ತಿರುವುತ್ತಾನೆ. ಕೆಟ್ಟದಾಗಿ ಮಾಡಿಸಿ ಎಂಜಿನ್ ಸುಡಿಸಿದರೆ ಹೇಗೆ ಎಂದೂ ಯೋಚಿಸಿದೆ, ಆ ಚಿತ್ರ ಬಹಳ ಸೊಗಸಾಗಿತ್ತು. ಆದರೆ ಅದೂ ಕೊನೆಗೆ ಬರುವುದು ಅಕ್ಕನ ತಲೆಗೇ. "ನಿನ್ ತಮ್ಮ ಹಾಳ್ಮಾಡ್ದ" ಎಂದು ಅವಳು ಇರುವವರೆಗೂ ಕೇಳಬೇಕಾಗುತ್ತದೆ.

ಎಂಜಿನಿಯರು ಕಾಫಿ ತರಿಸಿಕೊಟ್ಟ. "ನಿಜ ಹೇಳ್ಲಾ ಸಾರ್? ಬರೋರಲ್ಲಿ ಮುಕ್ಕಾಲು ಪಾಲು ಜನಕ್ಕೆ ಬೇಕಾಗಿರೋದು ಸ್ಪೀಡಲ್ಲ, ಸದ್ದು. ಕಾಲು ತೆಗೆದ ತಕ್ಷಣ ಸೈಲೆನ್ಸರಲ್ಲಿ ಪಟಾಕಿ ಹೊಡೆಯೋ ಹಂಗೆ ಮಾಡ್ಕೊಡ್ತೀವಿ. ಪೆಡಲ್ ಶಾರ್ಪ್ ಮಾಡಿದ್ರೆ ಮುಟ್ಟುತ್ಲೇ ಎಗರುತ್ತೆ. ಮುಂದಕ್ಕೆ ಏನೂ ಇಲ್ದಿದ್ರೂ ರಾಕೆಟ್ ಅನ್ಸುತ್ತೆ."

ನನ್ನ ತಲೆಯೊಳಗೆ ದೀಪ ಹತ್ತಿದ್ದೇ ಆಗ. "ಪವರ್ ಕಮ್ಮಿ ಮಾಡೋಕಾಗುತ್ತಾ?" ಎಂದು ಕೇಳಿದೆ.

ಅವನು ನನ್ನ ಮುಖ ನೋಡಿದ. "ಆಗುತ್ತೆ. ಡ್ರೈವರ್ ಕೈಗೆ ಗಾಡಿ ಕೊಡೋವಾಗ ಕೆಲವರು ಮಾಡುಸ್ತಾರೆ. ಯಾಕೆ ಸಾರ್?"

"ಹಂಗಾದ್ರೆ ಹಂಗೇ ಮಾಡಿ. ಪಟಾಕಿ ಎಷ್ಟು ಬೇಕಾದ್ರೂ ಹೊಡೀಲಿ. ಪೆಡಲ್ಲು ಮುಟ್ಟಿದ್ರೆ ನೆಗೀಲಿ. ಅದಾದ್ಮೇಲೆ ಎಮ್ಮೆ ಥರ ಹೋಗ್ಬೇಕು."

"ಕಮ್ಮಿ ಮಾಡೋಕೆ ದುಡ್ಡು ಕೊಡೋರನ್ನ ಅಪರೂಪಕ್ಕೆ ನೋಡ್ತಿದೀನಿ," ಎಂದು ಅವನು ನಕ್ಕು ಕೆಲಸಕ್ಕೆ ಕೂತ. ಅಕ್ಕನ ಸೀರೆಯ ದುಡ್ಡನ್ನು ಎಣಿಸಿ ಕೊಟ್ಟಾಗ ನನಗೆ ಒಂದಿಷ್ಟೂ ಸಂಕಟವಾಗಲಿಲ್ಲ. ಇಷ್ಟು ವರ್ಷದ ಅವಮಾನಕ್ಕೆ ಇದು ಅಗ್ಗವೇ ಅನ್ನಿಸಿತು. ಹಜಾರದಲ್ಲಿ ಕೂತು ನಕ್ಕವರ ಮುಂದೆಯೇ ಇವನು ಪಟಾಕಿ ಹೊಡೆದುಕೊಂಡು ಆಮೆಯ ಹಾಗೆ ತೆವಳುತ್ತಾನೆ, ತೆವಳುತ್ತಿರುವುದು ಅವನಿಗೇ ಗೊತ್ತಾಗುವುದಿಲ್ಲ. ನಾನು ಮತ್ತು ಅಕ್ಕ ಮಾತ್ರ ಬದುಕಿರುವವರೆಗೂ ಒಳಗೊಳಗೇ ನಗಬಹುದು. ಅವಳಿಗೆ ಇಂಥ ಬಾಗಿನ ಯಾವ ತಮ್ಮ ಕೊಟ್ಟಾನು ಎಂದು ಬೀಗಿದೆ.

ಹಬ್ಬದ ದಿನ ಬೆಳಿಗ್ಗೆ ಆ ಕಾರಿನಲ್ಲೇ ಹೊರಟೆ. ಬರಿಗೈಲಿ ಹೋಗಬೇಡ ಎಂದು ಅವ್ವ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ ಇಟ್ಟು ಕೊಟ್ಟಿದ್ದಳು. ಸೀರೆ ಇರಲಿಲ್ಲ. ಪ್ರತಿ ಸಲ ಕಾಲು ತೆಗೆದಾಗಲೂ ಹಿಂದಿನಿಂದ ಢಂ ಢಂ ಎಂದು ಸದ್ದು ಬರುತ್ತಿತ್ತು. ದಾರಿಯಲ್ಲಿ ನಾಯಿಗಳು ಓಡಿದವು, ಒಬ್ಬ ಮುದುಕ ಚಪ್ಪಲಿ ಎತ್ತಿ ತೋರಿಸಿದ. ಕುಣಿಗಲ್ಲಿನ ಮನೆ ಮುಟ್ಟುವ ಹೊತ್ತಿಗೆ ಬೀದಿಯವರೆಲ್ಲ ಗೇಟಿಗೆ ಬಂದಿದ್ದರು.

ಭಾವನ ಮುಖ ಹಿಗ್ಗಿ ಹೀರೇಕಾಯಿಯಾಯಿತು. "ಏನ್ಲಾ ಇದು! ಹುಲಿ ಕಣ್ಲಾ ಇದು ಹುಲಿ!" ಎಂದು ಬಾನೆಟ್ಟು ತಟ್ಟಿದ. ಆಮೇಲೆ ಅಕ್ಕನನ್ನು ಕೂಗಿದ. ಅವಳು ಗೌರಿಯ ಮುಂದಿನ ಆರತಿ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದಳು.

"ನಿನ್ ಬಾಗಿನ ಬಂದದೆ ನೋಡೇ. ನಿನ್ ಬಾಗಿನಕ್ಕೆ ನೀನೇ ಆರತಿ ಎತ್ತು," ಅಂದ. ನೆರೆಯ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಅಕ್ಕ ಕಾರಿಗೆ ಆರತಿ ಎತ್ತಿದಳು, ಬಾನೆಟ್ಟಿಗೆ ಕುಂಕುಮ ಇಟ್ಟಳು. ಅವನು ಗೆಳೆಯನೊಬ್ಬನನ್ನು ಹತ್ತಿಸಿಕೊಂಡು ಕೆರೆ ಏರಿಯ ಕಡೆ ಹೊರಟ. ಗುಂಡು ಹಾರಿಸಿದ ಹಾಗೆ ಸದ್ದು ದೂರ ಹೋಗುತ್ತಾ ಹೋಯಿತು, ಎಷ್ಟು ದೂರ ಹೋದರೂ ಕೇಳುತ್ತಲೇ ಇತ್ತು.

ನಾನು ಮೊರ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಅಕ್ಕ ಒಲೆ ಮುಂದೆ ನಿಂತಿದ್ದಳು, ಬೇರೆ ಯಾರೂ ಇರಲಿಲ್ಲ. ನಗು ತಡೆಯಲಾರದೆ ಪಿಸುಗುಟ್ಟಿ ಎಲ್ಲ ಹೇಳಿದೆ. ಪಟಾಕಿ ಮಾತ್ರ ನಿಜ, ಬಲವೆಲ್ಲ ಕತ್ತರಿಸಿ ಹಾಕಿಸಿದ್ದೇನೆ, ಇನ್ನು ಇದು ಏರು ಬಂದರೆ ಏದುಸಿರು ಬಿಡುತ್ತದೆ, ಅವನಿಗೆ ಸಾಯುವವರೆಗೂ ಗೊತ್ತಾಗುವುದಿಲ್ಲ ಎಂದೆ.

ಅವಳು ನಗಲಿಲ್ಲ. ಸೌಟು ಕೆಳಗಿಟ್ಟಳು.

"ಕಮ್ಮಿ ಮಾಡ್ಸಿದೀಯಾ?"

"ಹೂಂ ಕಣಕ್ಕ."

"ಈ ಸದ್ದು ತೆಗೆಸೋಕೆ ಬರ್ತದಾ?"

"ತೆಗೀಬೋದು. ಆದ್ರೆ ಭಾವ ಈಗ ಬಿಡ್ತಾರಾ? ನೋಡ್ದಲ್ಲ ಹೆಂಗೆ ಕುಣುದ್ರು."

ಅವಳು ಗೋಡೆಗೆ ಒರಗಿದಳು. "ಅದ್ನ ಓಡ್ಸೋದು ನಾನು ಕಣೋ," ಅಂದಳು.

ನನಗೆ ಅರ್ಥವಾಗಲಿಲ್ಲ.

"ಅವ್ರು ಜೀಪಲ್ಲಿ ಹೋದಾಗ್ಲೆಲ್ಲ ನಾನೇ ತೆಗ್ಯೋದು. ಬೆಳಿಗ್ಗೆ ಬೆಳಕು ಹರಿಯೋ ಹೊತ್ಗೆ. ಮಂಗಳೂರು ಕಡೆ ಹೈವೇಲಿ ಒಂದಷ್ಟು ದೂರ ಹೋಗಿ ಬತ್ತೀನಿ. ಕಪ್ಪು ಗಾಜಲ್ವಾ, ಊರೋರು ಅವ್ರೇ ಅಂದ್ಕಂಡು ನಮಸ್ಕಾರ ಹೊಡೀತಾರೆ. ನಾನೂ ಒಳಗಿಂದ ತಲೆ ಆಡುಸ್ತೀನಿ." ಇಷ್ಟು ಹೇಳುವಾಗ ಅವಳ ಮುಖದಲ್ಲಿ ಟ್ರ್ಯಾಕ್ಟರ್ ಮೇಲಿನ ಹುಡುಗಿ ಒಂದು ಕ್ಷಣ ಬಂದು ಹೋದಳು. "ಗಾಡಿ ಸಪ್ಪೆಯಾಗದೆ, ರೀಮ್ಯಾಪ್ ಮಾಡುಸ್ರಿ ಅಂತ ಅವ್ರ ತಲೆಗೆ ತುಂಬ್ದೋಳೂ ನಾನೇ. ಮಾವನ ಮನೆಯೋರ ಕೈಲೇ ಮಾಡುಸ್ರಿ, ಗೌರಿ ಬಾಗಿನ ಅಂತ ಕೇಳ್ರಿ ಅಂದೆ. ಸೀರೆ ಬೀರುನಲ್ಲಿ ಕೊಳೀತವೆ. ಇದೊಂದಾದ್ರೂ ನಂಗೆ ಬೇಕಾದ್ದು ಬರ್ಲಿ ಅಂತ."

ಸೀಟು ಮುಂದಕ್ಕಿದ್ದದ್ದು, ಚಕ್ರದ ಕಡೆ ನೋಡುತ್ತಾ ನಿಂತದ್ದು, ಸದ್ದು ಜಾಸ್ತಿಯಾಗುತ್ತದಾ ಎಂದು ಕೇಳಿದ್ದು, ಎಲ್ಲ ಒಟ್ಟಿಗೇ ನನ್ನ ಮುಖಕ್ಕೆ ರಾಚಿತು. ನಾಚಿಕೆಯಾಯಿತು, ನಾಚಿಕೆಯಾದಾಗ ನನಗೆ ಬರುವುದು ಸಿಟ್ಟು.

"ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ? ಫೋನಲ್ಲಿ ಕೇಳಿದ್ನಲ್ಲ!"

"ಅವ್ವನ್ನ ಪಕ್ಕದಲ್ಲಿ ಕೂರುಸ್ಕಂಡು, ಸ್ಪೀಕರ್ ಹಾಕ್ಕಂಡು ಕೇಳ್ದೆ. ಅವ್ವಂಗೆ ಗೊತ್ತಾದ್ರೆ ಅಳಿಯಂಗೆ ಹೇಳ್ದೆ ಬುಡ್ತಾಳಾ? ಒಳ್ಳೆಯೋನ ಹತ್ರ ಮಾಡ್ಸು ಅಂದ್ನಲ್ಲೋ. ಅಷ್ಟು ಸಾಲ್ದಾ? ನೀನೂ ನಿಮ್ ಭಾವನೂ ಪಂತ ಕಟ್ಕಂಡು ಆಡುದ್ರಿ. ನಂಗೇನು ಬೇಕು ಅಂತ ಇಬ್ರೂ ಕೇಳ್ಲಿಲ್ಲ."

ಬೀದಿಯ ತುದಿಯಲ್ಲಿ ಢಂ ಢಂ ಎಂದು ಕೇಳಿಸಿತು. ಅವನು ಕೆರೆಯ ಹತ್ತಿರದಿಂದ ತಿರುಗಿ ಬರುತ್ತಿದ್ದ. ಮನೆ ಎದುರಿನ ಮಗುವೊಂದು ಬೆಚ್ಚಿ ಅಳತೊಡಗಿತು. ಅಕ್ಕ ಆ ಸದ್ದು ಗೇಟಿನವರೆಗೂ ಬರುವುದನ್ನು ಕೇಳಿಸಿಕೊಳ್ಳುತ್ತಾ ನಿಂತಳು.

"ಇದ್ನ ಇಟ್ಕಂಡು ಬೆಳಿಗ್ಗೆ ಹೆಂಗೋ ಹೊರಡ್ಲಿ ನಾನು?" ಅಂದಳು. "ಊರೇ ಎದ್ದು ಕೂತ್ಕತದೆ."

ಹೊರಗೆ ಭಾವ ಎಂಜಿನ್ ಆಫ್ ಮಾಡುವ ಮೊದಲು ಇನ್ನೆರಡು ಸಲ ಪಟಾಕಿ ಹೊಡೆಸಿ, "ಭಾಮೈದಾ, ಬಾರ್ಲಾ ಇಲ್ಲಿ, ಒಂದು ಫೋಟೊ ತೆಗಿ" ಎಂದು ಕೂಗಿದ.

ಅಕ್ಕ ನನ್ನ ಕೈಯಿಂದ ಮೊರ ತೆಗೆದುಕೊಂಡಳು. ಅದರಲ್ಲಿದ್ದ ಬಳೆ, ಕುಂಕುಮ ಒಂದೊಂದನ್ನೂ ಮುಟ್ಟಿ ನೋಡಿ, ಸೆರಗಿನಿಂದ ಮುಚ್ಚಿ, ಗೌರಿಯ ಮುಂದೆ ಇಡಲು ಹೊರಟಳು. ಬಾಗಿಲ ಹತ್ತಿರ ನಿಂತು, ತಿರುಗಿ ನೋಡದೆ ಹೇಳಿದಳು:

"ಮುಂದಿನ್ ವರ್ಷ ಸೀರೆನೇ ತಗಂಬಾ."